ಪ್ರೋಟೀನಿನ ಸ್ವಿಚ್ ಅದರ ಬೆನ್ನಲ್ಲಿದೆ

ಪ್ರಶ್ನೆ: ನಾನು ಬಿಎಸ್ಸಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ದೊಡ್ಡಮ್ಮನಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ. ಮೂರು ವರ್ಷದಿಂದ ಇಮ್ಯಾಟಿನಿಬ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. "ಒಂದು ಪ್ರೋಟೀನ್ ಆನ್ ಆಗಿಯೇ ಉಳಿದುಬಿಟ್ಟಿದೆ, ಈ ಮಾತ್ರೆ ಅದನ್ನು ಆಫ್ ಮಾಡುತ್ತದೆ" ಎಂದು ಡಾಕ್ಟರ್ ಹೇಳಿದರು. ನಮ್ಮ ಪುಸ್ತಕದಲ್ಲೂ "ಸಿಗ್ನಲ್ ಬಂದಾಗ ಕೈನೇಸ್ ಸಕ್ರಿಯವಾಗುತ್ತದೆ" ಎಂದಷ್ಟೇ ಇದೆ. ಪ್ರೋಟೀನಿನ ಒಳಗೆ ಸ್ವಿಚ್ ಎಲ್ಲಿರುತ್ತದೆ? ಅದನ್ನು ಒತ್ತುವವರು ಯಾರು? ಕೆಲವರಿಗೆ ಈ ಮಾತ್ರೆ ಸ್ವಲ್ಪ ಕಾಲದ ನಂತರ ನಾಟುವುದಿಲ್ಲವಂತೆ. ಯಾಕೆ?

ಉತ್ತರ: ದೊಡ್ಡಮ್ಮ ಆರೋಗ್ಯವಾಗಿರಲಿ. ಮನೆಯ ಚಿಂತೆಯಿಂದ ಹುಟ್ಟಿದ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಕೈನೇಸ್ ಎಂಬ ಈ ಪ್ರೋಟೀನ್‌ಗಳಲ್ಲಿ ಒತ್ತುವ ಗುಂಡಿ ಅಂತ ಒಂದಿಲ್ಲ. ಕೆಲಸ ಮಾಡುವ ಶಕ್ತಿ ಅವಕ್ಕೆ ಮೊದಲಿನಿಂದಲೂ ಇರುತ್ತದೆ. ಅವುಗಳ ಮೈಯದೇ ಬೇರೆ ಭಾಗಗಳು ಅವನ್ನು ಹಿಡಿದು ಕೂರಿಸಿರುತ್ತವೆ, ಅಷ್ಟೇ. ಸಿಗ್ನಲ್ ಬಂದಾಗ ಆ ಹಿಡಿತ ಬಿಡುತ್ತದೆ. ಸಕ್ರಿಯವಾಗುವುದು ಎಂದರೆ ಇದೇ. ನಿಮ್ಮ ದೊಡ್ಡಮ್ಮನ ಕಾಯಿಲೆ, ಅವರ ಮಾತ್ರೆ, ಆ ಮಾತ್ರೆ ಕೆಲವೊಮ್ಮೆ ಸೋಲುವುದು, ಮೂರೂ ಈ ಹಿಡಿತದ ಕಥೆಯೇ.

ಮನೆಯಲ್ಲಿ ಅಡಕತ್ತರಿ ಇದ್ದರೆ ಒಮ್ಮೆ ಕೈಗೆ ತೆಗೆದುಕೊಳ್ಳಿ. ಮೇಲೊಂದು ತುಂಡು, ಕೆಳಗೊಂದು ತುಂಡು, ಒಂದು ತುದಿಯಲ್ಲಿ ಕೀಲು. ಕೈನೇಸ್‌ನ ಕೆಲಸ ಮಾಡುವ ಭಾಗವೂ ಹೆಚ್ಚುಕಡಿಮೆ ಹೀಗೇ ಇದೆ. ಮೇಲೆ ಚಿಕ್ಕ ಹಾಲೆ, ಕೆಳಗೆ ದೊಡ್ಡ ಹಾಲೆ, ನಡುವೆ ಒಂದು ಸಂದು. ಆ ಸಂದಿನಲ್ಲಿ ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು, ಬಂದು ಕೂರುತ್ತದೆ. ಕೈನೇಸ್ ಅದರ ತುದಿಯ ಫಾಸ್ಫೇಟ್ ಒಂದನ್ನು ತೆಗೆದು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಜೀವಕೋಶದಲ್ಲಿ ಈ ಫಾಸ್ಫೇಟ್ ಒಂದು ಗುರುತು. ಬೆಳೆ, ಒಡೆದು ಎರಡಾಗು, ಸರಿದು ಹೋಗು ಎಂಬಂಥ ಸುದ್ದಿ ಈ ಗುರುತುಗಳ ಮೂಲಕ ಕೈಯಿಂದ ಕೈಗೆ ದಾಟುತ್ತದೆ. 2002ರಲ್ಲಿ ಮನುಷ್ಯನ ಜೀನೋಮ್‌ನಲ್ಲಿ ಕೈನೇಸ್‌ಗಳನ್ನು ಎಣಿಸಿದಾಗ 518 ಸಿಕ್ಕವು. ಹೆಚ್ಚಿನವಕ್ಕೆ ಈ ಎರಡು ಹಾಲೆಯ ಬಾಯಿ ಸುಮಾರು ಒಂದೇ ತರಹ. ಬೇರೆ ಬೇರೆಯಾಗಿರುವುದು ಅವನ್ನು ಸುಮ್ಮನಿರಿಸುವ ಏರ್ಪಾಡು.

ಇದು ಚೆನ್ನಾಗಿ ತಿಳಿಯಬೇಕಾದರೆ ನಿಮ್ಮ ದೊಡ್ಡಮ್ಮನ ಕಾಯಿಲೆಯ ಪ್ರೋಟೀನಿಗಿಂತ ಮೊದಲು ಅದರ ನೆಂಟ ಒಂದನ್ನು ನೋಡಬೇಕು. ಎಸ್‌ಆರ್‌ಸಿ ಎಂದು ಬರೆದು ಸಾರ್ಕ್ ಎಂದು ಓದುತ್ತಾರೆ. ಅದರ ಕಥೆ ಒಂದು ಕೋಳಿಯಿಂದ ಶುರುವಾಗುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಪೇಟನ್ ರೌಸ್ ಎಂಬ ವಿಜ್ಞಾನಿ ಇದ್ದರು. ಕೋಳಿಯೊಂದರ ಗಡ್ಡೆಯನ್ನು ಅರೆದು, ಜೀವಕೋಶಗಳು ದಾಟಲಾರದ ಜರಡಿಯಲ್ಲಿ ಸೋಸಿ, ಆ ನೀರನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಡ್ಡೆ ಬಂತು. ಇದನ್ನು 1911ರಲ್ಲಿ ಪ್ರಕಟಿಸಿದರು. ಆ ನೀರಿನಲ್ಲಿದ್ದದ್ದು ಒಂದು ವೈರಸ್. ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ, 55 ವರ್ಷ ಕಳೆದ ಮೇಲೆ. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ಅವರ ತಂಡ ಇನ್ನೂ ದೊಡ್ಡ ಸಂಗತಿ ಕಂಡುಹಿಡಿಯಿತು. ವೈರಸ್‌ನಲ್ಲಿರುವ ಆ ಕ್ಯಾನ್ಸರ್ ಜೀನ್ ಮೂಲದಲ್ಲಿ ವೈರಸ್‌ನದ್ದಲ್ಲ. ಆರೋಗ್ಯವಾಗಿರುವ ಕೋಳಿಯ ಜೀವಕೋಶದಲ್ಲೇ ಅದು ಇದೆ. ನಮ್ಮಲ್ಲೂ ಇದೆ. ಅದರಿಂದ ತಯಾರಾಗುವ ಪ್ರೋಟೀನೇ ಸಾರ್ಕ್.

ಹಾಗಾದರೆ ಕೋಳಿಯಲ್ಲಿ ಸಾಧುವಾಗಿರುವ ಸಾರ್ಕ್ ವೈರಸ್‌ನಲ್ಲಿ ಯಾಕೆ ಕೆರಳಿ ನಿಂತಿದೆ? ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ಕೆಲವು ಚಿಕ್ಕಪುಟ್ಟ ವ್ಯತ್ಯಾಸ ಕಂಡವು. ಮುಖ್ಯವಾದದ್ದು ಬಾಲದಲ್ಲಿ. ಮೂಲ ಸಾರ್ಕ್‌ನ ಕೊನೆಯ 19 ಅಮೈನೊ ಆಮ್ಲಗಳು ವೈರಸ್‌ನ ಸಾರ್ಕ್‌ನಲ್ಲಿ ಇಲ್ಲ. ಆ ಜಾಗದಲ್ಲಿ ಬೇರೆಯೇ 12 ಇವೆ. ಕಳೆದುಹೋದ ಆ ತುಂಡಿನಲ್ಲಿ ಟೈರೋಸಿನ್ ಎಂಬ ಒಂದು ಅಮೈನೊ ಆಮ್ಲ ಇತ್ತು. ಕೋಳಿಯ ಲೆಕ್ಕದಲ್ಲಿ ಅದು 527ನೆಯದು. ಅದಕ್ಕೆ ಫಾಸ್ಫೇಟ್ ಅಂಟಿದ್ದರೆ ಸಾರ್ಕ್ ಸುಮ್ಮನಿರುತ್ತದೆ. ಫಾಸ್ಫೇಟ್ ಹೋದರೆ, ಇಲ್ಲವೇ ಬಾಲವೇ ಹೋದರೆ, ಎದ್ದು ನಿಲ್ಲುತ್ತದೆ. ಈ ಬಾಲಕ್ಕೆ ಫಾಸ್ಫೇಟ್ ಅಂಟಿಸುವುದಕ್ಕೇ ಸಿಎಸ್‌ಕೆ ಎಂಬ ಇನ್ನೊಂದು ಕೈನೇಸ್ ಇದೆ.

ಸಾರ್ಕ್‌ನ ಮೈಯಲ್ಲಿ ಬಾಯಿಯ ಭಾಗವಲ್ಲದೆ ಎರಡು ಚಿಕ್ಕ ಉಂಡೆಗಳಂಥ ಭಾಗಗಳಿವೆ. ಹೆಸರು ಎಸ್‌ಎಚ್2 ಮತ್ತು ಎಸ್‌ಎಚ್3. ಎರಡೂ ಹಿಡಿಯುವ ಕೈಗಳು. ಎಸ್‌ಎಚ್2 ಹಿಡಿಯುವುದು ಫಾಸ್ಫೇಟ್ ಅಂಟಿದ ಟೈರೋಸಿನ್ ಅನ್ನು. ಎಸ್‌ಎಚ್3 ಹಿಡಿಯುವುದು ಪ್ರೋಲಿನ್ ಎಂಬ ಅಮೈನೊ ಆಮ್ಲ ಜಾಸ್ತಿ ಇರುವ, ಎಡಕ್ಕೆ ತಿರುಚಿದ ಸರಪಳಿಯನ್ನು. ನಿಮ್ಮ ಪುಸ್ತಕದಲ್ಲಿ ರಾಮಚಂದ್ರನ್ ಪ್ಲಾಟ್ ಇರುತ್ತದಲ್ವಾ, ಅದರ ಮೇಲಿನ ಎಡಗಡೆಯ ಮೂಲೆ ನೋಡಿ. ಈ ತಿರುಚಿದ ರೂಪ ಬೀಳುವುದು ಅಲ್ಲೇ. ಪ್ರೋಟೀನ್ ಸರಪಳಿ ಎಷ್ಟು ಕೋನಕ್ಕೆ ಬಾಗಬಲ್ಲದು, ಎಷ್ಟಕ್ಕೆ ಬಾಗಲಾರದು ಎಂಬ ಆ ಲೆಕ್ಕ 1963ರಲ್ಲಿ ಮದ್ರಾಸಿನಿಂದ ಬಂತು. ಆಮೇಲೆ ಜಿ. ಎನ್. ರಾಮಚಂದ್ರನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ವಿಷಯಕ್ಕೆಂದು ಒಂದು ವಿಭಾಗ ಕಟ್ಟಿದರು. ಪರೀಕ್ಷೆಗಾಗಿ ಬಿಡಿಸುವ ಆ ಚಿತ್ರ ಇಲ್ಲಿ ನಿಜವಾದ ಕೆಲಸಕ್ಕೆ ಬರುತ್ತದೆ ಎಂದು ನಿಮಗೆ ತೋರಿಸುವ ಆಸೆ ನನಗೆ.

1990ರ ದಶಕದ ನಡುವಿನವರೆಗೂ ಹಲವರ ಊಹೆ ಸರಳವಾಗಿತ್ತು. ಎಸ್‌ಎಚ್2, ಎಸ್‌ಎಚ್3 ಎರಡೂ ಸೇರಿ ಕೈನೇಸ್‌ನ ಬಾಯಿಗೆ ಅಡ್ಡ ಬಂದು ಮುಚ್ಚಿರಬೇಕು, ಬಾಲವನ್ನು ಹಿಡಿದುಕೊಂಡರೆ ಮುಚ್ಚಳ ಬಿಗಿಯಾಗಿ ಕೂರುತ್ತದೆ ಎಂದು. ನಾನಾಗಿದ್ದರೂ ಹಾಗೇ ಊಹಿಸುತ್ತಿದ್ದೆ. 1997ರಲ್ಲಿ ಎರಡು ತಂಡಗಳು ಎಕ್ಸ್-ರೇ ವಿಧಾನದಿಂದ ರಚನೆ ನೋಡಿಯೇಬಿಟ್ಟವು. ಹಾರ್ವರ್ಡ್‌ನಲ್ಲಿ ಹ್ಯಾರಿಸನ್ ಮತ್ತು ಎಕ್ ಅವರ ತಂಡ ಮನುಷ್ಯನ ಸಾರ್ಕ್ ನೋಡಿತು. ಜಾನ್ ಕುರಿಯನ್ ಅವರ ತಂಡ ಅದರ ತಮ್ಮನಂತಿರುವ ಹೆಚ್‌ಸಿಕೆ ನೋಡಿತು. ಕುರಿಯನ್ ಆಗ ಕೆಲಸ ಮಾಡುತ್ತಿದ್ದದ್ದು ರೌಸ್ ಕೋಳಿ ಕೊಯ್ದ ಅದೇ ರಾಕ್‌ಫೆಲರ್‌ನಲ್ಲಿ.

ಎರಡು ಚಿತ್ರಗಳಲ್ಲೂ ಬಾಯಿಯ ಮುಂದೆ ಯಾರೂ ಅಡ್ಡ ನಿಂತಿರಲಿಲ್ಲ. ಅದಕ್ಕೆ ಯಾವ ಮುಚ್ಚಳವೂ ಇರಲಿಲ್ಲ. ಎರಡೂ ಕೈಗಳು ಹಿಂದೆ ಇದ್ದವು, ಬೆನ್ನಿನ ಮೇಲೆ. ಎಸ್‌ಎಚ್2 ದೊಡ್ಡ ಹಾಲೆಯ ಹಿಂದೆ ಕೂತು ಬಾಲದ ಫಾಸ್ಫೇಟ್ ಹಿಡಿದಿತ್ತು. ಎಸ್‌ಎಚ್3 ಚಿಕ್ಕ ಹಾಲೆಯ ಹಿಂದೆ ಕೂತು, ಎಸ್‌ಎಚ್2ಕ್ಕೂ ಕೈನೇಸ್‌ಗೂ ನಡುವೆ ಇರುವ ಕೊಂಡಿಯನ್ನು ಹಿಡಿದಿತ್ತು. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಘಳಿಗೆ ಇದು.

ಬೆನ್ನಿನಲ್ಲಿ ಹಿಡಿದರೆ ಬಾಯಿ ಯಾಕೆ ಕೆಲಸ ನಿಲ್ಲಿಸುತ್ತದೆ? ಅಡಕತ್ತರಿಗೆ ವಾಪಸ್ ಬನ್ನಿ. ಅಡಿಕೆ ಇಡುವ ಜಾಗಕ್ಕೆ ಏನೂ ಮಾಡಬೇಡಿ. ಹಿಂದಿನ ಹಿಡಿಗಳಿಗೆ ಒಂದು ದಾರ ಬಿಗಿದು ಕಟ್ಟಿ. ಅಲಗು ಹರಿತವಾಗಿಯೇ ಇದೆ, ಆದರೆ ಕತ್ತರಿಸಲು ಆಗುವುದಿಲ್ಲ. ಸಾರ್ಕ್‌ನಲ್ಲೂ ಹೀಗೇ. ಫಾಸ್ಫೇಟ್ ವರ್ಗಾವಣೆ ಆಗಬೇಕಾದರೆ ಬಾಯೊಳಗಿನ ಕೆಲವು ಭಾಗಗಳು ಕರಾರುವಾಕ್ಕಾಗಿ ತಮ್ಮ ಜಾಗದಲ್ಲಿರಬೇಕು. ಚಿಕ್ಕ ಹಾಲೆಯಲ್ಲಿ ಸಿ-ಹೆಲಿಕ್ಸ್ ಎಂಬ ಸುರುಳಿ ಇದೆ. ಅದರಲ್ಲಿರುವ ಗ್ಲುಟಮೇಟ್ ಒಳಗೆ ಬಂದು ಒಂದು ಲೈಸಿನ್ ಜೊತೆ ಜೋಡಿಯಾಗಬೇಕು. ಆ ಲೈಸಿನ್ ಎಟಿಪಿಯ ಫಾಸ್ಫೇಟ್‌ಗಳನ್ನು ಸರಿಯಾಗಿ ಕೂರಿಸುತ್ತದೆ. ಬೆನ್ನಿನಿಂದ ಹಿಡಿದಾಗ ಈ ಸುರುಳಿ ಹೊರಗೆ ಸರಿದು ನಿಲ್ಲುತ್ತದೆ. ಜೋಡಿ ಕೂಡುವುದಿಲ್ಲ. ಅದರ ಜೊತೆಗೆ ಆಕ್ಟಿವೇಶನ್ ಲೂಪ್ ಎಂಬ ಸರಪಳಿ ತುಂಡು ಮಡಿಚಿಕೊಂಡು ಒಳಗೆ ಸೇರಿಕೊಳ್ಳುತ್ತದೆ. ಅದರಲ್ಲಿರುವ 416ನೇ ಟೈರೋಸಿನ್ ಅಡಗಿ ಕೂರುತ್ತದೆ.

ಎರಡು ಕೈಗಳ ನಡುವೆ ಇರುವ ಇನ್ನೊಂದು ಪುಟ್ಟ ಕೊಂಡಿಯೂ ಮುಖ್ಯ. ಅದು ಗಟ್ಟಿಯಾಗಿದ್ದರೆ ಮಾತ್ರ ಬಾಲದ ಹಿಡಿತದ ಬಲ ಎಸ್‌ಎಚ್3ರವರೆಗೆ ತಲುಪುತ್ತದೆ. 2001ರಲ್ಲಿ ಕುರಿಯನ್ ಮತ್ತು ಸಂಗಡಿಗರು ಈ ಕೊಂಡಿಯ ಅಮೈನೊ ಆಮ್ಲಗಳನ್ನು ಗ್ಲೈಸಿನ್‌ಗೆ ಬದಲಿಸಿ ನೋಡಿದರು. ಗ್ಲೈಸಿನ್ ಇದ್ದರೆ ಸರಪಳಿ ಹಗ್ಗದಂತೆ ಬಳುಕುತ್ತದೆ. ಕೊಂಡಿ ಬಳುಕತೊಡಗಿತು, ಸಾರ್ಕ್ ಸಕ್ರಿಯವಾಯಿತು. ಬಾಯಿಂದ ಅಷ್ಟು ದೂರದಲ್ಲಿರುವ ಒಂದು ಕೊಂಡಿ ಮೆತ್ತಗಾದರೆ ಬಾಯಿಗೆ ಬಿಡುಗಡೆ! ಪ್ರೋಟೀನಿನ ರಚನೆಯೇ ಅದರ ಆಡಳಿತ ಎಂದು ನಾನು ತರಗತಿಯಲ್ಲಿ ಹೇಳುವುದು ಇದನ್ನೇ.

ಇನ್ನು "ಒತ್ತುವವರು ಯಾರು" ಎಂಬ ಪ್ರಶ್ನೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಪಠ್ಯಗಳು ಇದನ್ನು ಹೇಳದೆ ಮುಂದೆ ಹೋಗುತ್ತವೆ. ಸಾರ್ಕ್ ತನ್ನನ್ನು ತಾನು ಹಿಡಿದುಕೊಂಡಿರುವ ಹಿಡಿತ ತುಂಬಾ ಬಿಗಿಯಾದದ್ದಲ್ಲ. ಎಸ್‌ಎಚ್2ಕ್ಕೆ ಬಹಳ ಇಷ್ಟವಾದ ಒಂದು ಅಮೈನೊ ಆಮ್ಲ ಜೋಡಣೆ ಇದೆ. ಬಾಲದಲ್ಲಿ ಇರುವುದು ಅದಲ್ಲ, ಅದಕ್ಕಿಂತ ಕಡಿಮೆ ಹೊಂದುವ ಬೇರೊಂದು. ಎಸ್‌ಎಚ್3 ಹಿಡಿದಿರುವ ಕೊಂಡಿಯೂ ಅಷ್ಟೇ, ಮಾದರಿ ಪ್ರೋಲಿನ್ ಸರಪಳಿ ಅಲ್ಲ. ಇದು ದೋಷವಲ್ಲ, ಇರಬೇಕಾದದ್ದೇ ಹೀಗೆ. ಹಿಡಿತ ಸಡಿಲ ಇರುವುದರಿಂದಲೇ ಹೊರಗಿನಿಂದ ಬಂದವರು ಅದನ್ನು ಬಿಡಿಸಬಲ್ಲರು. ಹೊರಗಿನ ಪ್ರೋಟೀನ್ ಒಂದರ ಟೈರೋಸಿನ್‌ಗೆ ಫಾಸ್ಫೇಟ್ ಅಂಟಿ, ಅದು ಎಸ್‌ಎಚ್2ಕ್ಕೆ ಹೆಚ್ಚು ಹೊಂದುವಂತಿದ್ದರೆ, ಎಸ್‌ಎಚ್2 ಬಾಲವನ್ನು ಬಿಟ್ಟು ಅದನ್ನು ಹಿಡಿಯುತ್ತದೆ. ಬೆನ್ನಿನ ಗಂಟು ಬಿಚ್ಚುತ್ತದೆ. ಸಿ-ಹೆಲಿಕ್ಸ್ ಒಳಗೆ ಬರುತ್ತದೆ. ಅಡಗಿದ್ದ 416ನೇ ಟೈರೋಸಿನ್ ಹೊರಗೆ ಬರುತ್ತದೆ. ಪಕ್ಕದಲ್ಲಿರುವ ಇನ್ನೊಂದು ಸಾರ್ಕ್ ಅದಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅದಾದ ಮೇಲೆ ಲೂಪ್ ವಾಪಸ್ ಮಡಿಚಿಕೊಳ್ಳುವುದು ಕಷ್ಟ. ಆನ್ ಆದ ಸ್ಥಿತಿ ಗಟ್ಟಿಯಾಗುತ್ತದೆ.

ಒಂದೇ ಪ್ರೋಟೀನಿನಲ್ಲಿ ಎರಡು ಟೈರೋಸಿನ್ ಇವೆ, ಗಮನಿಸಿ. 527ಕ್ಕೆ ಫಾಸ್ಫೇಟ್ ಅಂಟಿದರೆ ನಿದ್ದೆ. 416ಕ್ಕೆ ಅಂಟಿದರೆ ಎಚ್ಚರ. "ಫಾಸ್ಫೇಟ್ ಅಂಟಿದರೆ ಸಕ್ರಿಯ" ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಫಾಸ್ಫೇಟ್‌ಗೆ ಸ್ವಂತ ಅರ್ಥ ಇಲ್ಲ. ಅದು ಎಲ್ಲಿ ಅಂಟಿತು, ಅದನ್ನು ಯಾವ ಕೈ ಹಿಡಿಯಿತು ಎಂಬುದರಿಂದ ಅರ್ಥ ಬರುತ್ತದೆ.

ಈ ಸಡಿಲ ಹಿಡಿತವನ್ನು ವೈರಸ್‌ಗಳೂ ಬಳಸಿಕೊಂಡಿವೆ. ಎಚ್‌ಐವಿಯಲ್ಲಿ ನೆಫ್ ಎಂಬ ಪ್ರೋಟೀನ್ ಇದೆ. ಅದು ಹೆಚ್‌ಸಿಕೆಯ ಎಸ್‌ಎಚ್3 ಅನ್ನು ಬಲವಾಗಿ ತನ್ನ ಕಡೆಗೆ ಹಿಡಿದುಕೊಳ್ಳುತ್ತದೆ. ಬಾಲದಲ್ಲಿ ಫಾಸ್ಫೇಟ್ ಇದ್ದರೂ ಕೈನೇಸ್ ಎದ್ದುಬಿಡುತ್ತದೆ.

ಈಗ ನಿಮ್ಮ ಮನೆಯ ವಿಷಯಕ್ಕೆ. ದೊಡ್ಡಮ್ಮನ ಕಾಯಿಲೆಯಲ್ಲಿರುವ ಕೈನೇಸ್ ಹೆಸರು ಎಬಿಎಲ್, ಏಬಲ್ ಎಂದು ಓದುತ್ತಾರೆ. ಇದಕ್ಕೂ ಎಸ್‌ಎಚ್2, ಎಸ್‌ಎಚ್3 ಇವೆ. ಇದನ್ನೂ ಬೆನ್ನಿನಿಂದಲೇ ಹಿಡಿದಿಡಲಾಗಿದೆ. ಆದರೆ ಸಾರ್ಕ್‌ನ ಬಾಲದ ಆ ಟೈರೋಸಿನ್ ಇದಕ್ಕಿಲ್ಲ. ಹಾಗಾದರೆ ಬಿಗಿಯುವುದು ಯಾವುದು? 2003ರಲ್ಲಿ ಉತ್ತರ ಸಿಕ್ಕಿತು. ಏಬಲ್‌ನ ತಲೆಯ ತುದಿಯಲ್ಲಿ 14 ಕಾರ್ಬನ್ ಉದ್ದದ ಕೊಬ್ಬಿನ ಎಳೆ ಅಂಟಿರುತ್ತದೆ, ಹೆಸರು ಮಿರಿಸ್ಟಾಯ್ಲ್. ಸಾಮಾನ್ಯವಾಗಿ ಇಂಥ ಎಳೆ ಜೀವಕೋಶದ ಪೊರೆಗೆ ನಾಟಿಕೊಳ್ಳಲು ಇರುವುದು. ಸಾರ್ಕ್‌ನಲ್ಲಿ ಅದು ಆ ಕೆಲಸವನ್ನೇ ಮಾಡುತ್ತದೆ. ಏಬಲ್‌ನಲ್ಲಿ ಮಾತ್ರ ಅದು ಹಿಂದಕ್ಕೆ ಬಾಗಿ ದೊಡ್ಡ ಹಾಲೆಯ ತಳದಲ್ಲಿರುವ ಒಂದು ಆಳವಾದ ಗೂಡಿಗೆ ಹೋಗಿ ಕೂರುತ್ತದೆ. ಕೊಡಲಿಯ ಕಾವಿಗೆ ಬೆಣೆ ಹೊಡೆದ ಹಾಗೆ. ಬೆಣೆ ಕೂತಾಗ ಅಲ್ಲಿನ ಒಂದು ಸುರುಳಿ ಬಾಗುತ್ತದೆ, ಎಸ್‌ಎಚ್2ಕ್ಕೆ ಬಂದು ಒರಗಲು ಜಾಗವಾಗುತ್ತದೆ. ಏಬಲ್ ಸುಮ್ಮನಾಗುತ್ತದೆ.

ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಗಿಡ್ಡವಾದ ಆ ಕ್ರೋಮೋಸೋಮ್ ಕಂಡದ್ದು 1960ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅದಲುಬದಲು ಎಂದು ತಿಳಿದದ್ದು 1973ರಲ್ಲಿ, ಜಾನೆಟ್ ರೌಲಿ ಅವರಿಂದ. ಈ ಅಂಟುವಿಕೆಯಲ್ಲಿ ಏಬಲ್‌ನ ತಲೆಯ ತುದಿ ಕಳಚಿಹೋಗಿ ಆ ಜಾಗಕ್ಕೆ ಬಿಸಿಆರ್ ಎಂಬ ಬೇರೆ ಪ್ರೋಟೀನಿನ ತುಂಡು ಬರುತ್ತದೆ. ತಲೆಯ ಜೊತೆ ಬೆಣೆಯೂ ಹೋಯಿತು. ಸಾಲದ್ದಕ್ಕೆ ಬಿಸಿಆರ್ ತುಂಡುಗಳು ಒಂದಕ್ಕೊಂದು ಹೆಣೆದುಕೊಳ್ಳುವ ಜಾತಿಯವು. ಬಿಸಿಆರ್-ಏಬಲ್‌ಗಳು ಗುಂಪುಗೂಡುತ್ತವೆ, ಒಂದರ ಲೂಪ್‌ಗೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತದೆ. ಡಾಕ್ಟರ್ ಹೇಳಿದ "ಆನ್ ಆಗಿಯೇ ಉಳಿದುಬಿಟ್ಟಿದೆ" ಎಂಬ ಮಾತಿನ ಒಳಗೆ ಇಷ್ಟೂ ಇದೆ. ಹೊರಗಿನ ಸಿಗ್ನಲ್ ಇಲ್ಲದೆಯೇ ಬಿಳಿ ರಕ್ತಕಣಗಳಿಗೆ "ಬೆಳೆ, ಬೆಳೆ" ಎಂಬ ಸುದ್ದಿ ಹೋಗುತ್ತಲೇ ಇರುತ್ತದೆ.

ಇಮ್ಯಾಟಿನಿಬ್ ಕೂರುವುದು ಬಾಯಿಯ ಸಂದಿನಲ್ಲಿ, ಎಟಿಪಿಯ ಜಾಗದಲ್ಲಿ. ಆದರೆ ಅದು ತೆರೆದು ದುಡಿಯುತ್ತಿರುವ ಬಾಯಿಗೆ ಹೊಂದುವುದಿಲ್ಲ. 2000ದಲ್ಲಿ ಕುರಿಯನ್ ತಂಡವೇ ತೋರಿಸಿದಂತೆ, ಲೂಪ್ ಮಡಿಚಿಕೊಂಡು ನಿದ್ದೆಯಲ್ಲಿರುವ ರೂಪದಲ್ಲಿ ಮಾತ್ರ ಅದಕ್ಕೆ ಬೇಕಾದ ಆಳವಾದ ಗೂಡು ತೆರೆದುಕೊಳ್ಳುತ್ತದೆ. ಪ್ರೋಟೀನ್ ಒಂದು ರೂಪದಲ್ಲಿ ಕಲ್ಲಿನಂತೆ ನಿಂತಿರುವುದಿಲ್ಲ ಎಂಬುದನ್ನು ನೆನಪಿಡಿ. ಆನ್ ಆದ ಏಬಲ್ ಕೂಡ ಆಗಾಗ ಒಂದು ಕ್ಷಣ ಮಡಿಚಿಕೊಳ್ಳುತ್ತದೆ. ಮಾತ್ರೆ ಹಿಡಿಯುವುದು ಆ ಕ್ಷಣವನ್ನು. ಹಿಡಿದ ಮೇಲೆ ಬಿಡುವುದು ನಿಧಾನ. ಇದರಿಂದ ಒಂದು ಲಾಭವಿದೆ. ಎಚ್ಚರವಾಗಿರುವ ಕೈನೇಸ್‌ಗಳು ನೋಡಲು ಹೆಚ್ಚುಕಡಿಮೆ ಒಂದೇ ತರಹ. ನಿದ್ದೆ ಮಾಡುವ ಭಂಗಿ ಮಾತ್ರ ಒಂದೊಂದರದ್ದು ಒಂದೊಂದು ತರಹ. ಹಾಗಾಗಿ ನಿದ್ದೆಯ ಭಂಗಿಯನ್ನು ಹುಡುಕುವ ಮಾತ್ರೆ ಕೆಲವೇ ಕೈನೇಸ್‌ಗಳನ್ನು ಹಿಡಿಯುತ್ತದೆ, ನೂರಾರು ಉಳಿದವನ್ನು ಬಿಟ್ಟುಬಿಡುತ್ತದೆ. ಅಷ್ಟು ಹತ್ತಿರದ ನೆಂಟನಾದ ಸಾರ್ಕ್‌ಗೇ ಅದು ಎಷ್ಟೋ ಪಟ್ಟು ಸಡಿಲವಾಗಿ ಅಂಟುತ್ತದೆ.

ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2001ರ ಮೇ ತಿಂಗಳಲ್ಲಿ. ನಮ್ಮ ದೇಶದಲ್ಲಿ ಇದರ ಪೇಟೆಂಟ್ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅಲ್ಲೂ ಪ್ರಶ್ನೆ ರಚನೆಯದೇ. ಅದೇ ಔಷಧದ ಒಂದು ಹರಳಿನ ರೂಪಕ್ಕೆ ಹೊಸ ಪೇಟೆಂಟ್ ಕೊಡಬೇಕೇ ಎಂದು. 2013ರ ಏಪ್ರಿಲ್ 1ರಂದು ಕೋರ್ಟ್ ಬೇಡ ಎಂದಿತು. ಭಾರತದ ಕಂಪನಿಗಳ ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆ ಇಲ್ಲಿ ಸಿಗುತ್ತಲೇ ಹೋದದ್ದರಲ್ಲಿ ಆ ತೀರ್ಪಿನ ಪಾತ್ರ ದೊಡ್ಡದು.

ಮಾತ್ರೆ ಯಾಕೆ ಸೋಲುತ್ತದೆ? ಕಾರಣ ಒಂದೇ ಅಲ್ಲ, ನಾನು ಹೇಳುವುದು ರಚನೆಗೆ ಸೇರಿದ್ದನ್ನು. ಗೂಡಿನ ಬಾಗಿಲಲ್ಲಿ 315ನೇ ಜಾಗದಲ್ಲಿ ಒಂದು ಥ್ರಿಯೊನಿನ್ ಇದೆ. ಇಮ್ಯಾಟಿನಿಬ್ ಅದರ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಂಡು ಅದರ ಪಕ್ಕದಿಂದ ಒಳಗೆ ಜಾರುತ್ತದೆ. ಕೆಲವು ಕ್ಯಾನ್ಸರ್ ಕಣಗಳಲ್ಲಿ ಮ್ಯುಟೇಶನ್ ಆಗಿ ಆ ಜಾಗಕ್ಕೆ ಐಸೊಲ್ಯೂಸಿನ್ ಬಂದಿರುತ್ತದೆ. ಬಂಧ ಕಟ್ಟಲು ಅದರಲ್ಲಿ ಏನೂ ಇಲ್ಲ, ಮೇಲಾಗಿ ಗಾತ್ರದಲ್ಲಿ ದಪ್ಪ. ಬಾಗಿಲಲ್ಲೇ ತಡೆ. ಎಟಿಪಿಗೆ ಮಾತ್ರ ಆ ಬಾಗಿಲು ಬೇಡ, ಅದು ಎಂದಿನಂತೆ ಬಂದು ಕೂರುತ್ತದೆ. ಟಿ315ಐ ಎಂದು ಕರೆಯುವ ಈ ಬದಲಾವಣೆ 2001ರಲ್ಲೇ ರೋಗಿಗಳಲ್ಲಿ ಕಂಡಿತ್ತು. ಬೇರೆ ಕೆಲವು ಮ್ಯುಟೇಶನ್‌ಗಳು ಮಾತ್ರೆಯನ್ನು ಮುಟ್ಟುವುದೇ ಇಲ್ಲ. ಅವು ಏಬಲ್‌ಗೆ ಆ ನಿದ್ದೆಯ ಭಂಗಿಯನ್ನೇ ಕಷ್ಟ ಮಾಡುತ್ತವೆ. ಮಡಿಚಿಕೊಳ್ಳದ ಪ್ರೋಟೀನಿನಲ್ಲಿ ಮಾತ್ರೆಗೆ ಜಾಗ ಎಲ್ಲಿದೆ?

ಟಿ315ಐ ದಾಟಲು 2012ರಲ್ಲಿ ಪೊನಾಟಿನಿಬ್ ಬಂತು. ಅದರ ನಡುವೆ ಕಾರ್ಬನ್‌ಗಳ ತ್ರಿಬಂಧದ ಒಂದು ತೆಳ್ಳನೆಯ ಕಡ್ಡಿ ಇದೆ. ದಪ್ಪ ಐಸೊಲ್ಯೂಸಿನ್ ಪಕ್ಕದ ಕಿರಿದಾದ ಜಾಗದಲ್ಲಿ ಆ ಕಡ್ಡಿ ತೂರುತ್ತದೆ. ಅದಕ್ಕಿಂತ ನನ್ನ ಮನಸ್ಸು ಗೆದ್ದದ್ದು 2021ರಲ್ಲಿ ಒಪ್ಪಿಗೆ ಪಡೆದ ಅಸಿಮಿನಿಬ್. ಅದು ಬಾಯಿಯ ಹತ್ತಿರವೇ ಹೋಗುವುದಿಲ್ಲ. ದೊಡ್ಡ ಹಾಲೆಯ ತಳದಲ್ಲಿ ಮಿರಿಸ್ಟಾಯ್ಲ್ ಗೂಡು ಇತ್ತಲ್ಲ, ಬಿಸಿಆರ್-ಏಬಲ್‌ನಲ್ಲಿ ಖಾಲಿ ಉಳಿದಿತ್ತಲ್ಲ, ಅಲ್ಲಿಗೆ ಹೋಗಿ ಕೂರುತ್ತದೆ. ಸುರುಳಿ ಬಾಗುತ್ತದೆ, ಎಸ್‌ಎಚ್2 ಬಂದು ಒರಗುತ್ತದೆ, ಬೆನ್ನಿನ ಹಿಡಿತ ಮತ್ತೆ ಬೀಳುತ್ತದೆ. ಕ್ರೋಮೋಸೋಮ್ ತುಂಡಾದಾಗ ಕಳೆದುಹೋದ ಬೆಣೆಯನ್ನು ಮಾತ್ರೆಯಾಗಿ ವಾಪಸ್ ಕೊಟ್ಟ ಹಾಗೆ ಆಯಿತು.

ಕೊನೆಗೆ ದೊಡ್ಡಮ್ಮನಿಗೆ ಹೇಳಬೇಕಾದ ಒಂದು ಮಾತು. ಇಮ್ಯಾಟಿನಿಬ್ ಆ ಪ್ರೋಟೀನನ್ನು ಒಡೆಯುವುದಿಲ್ಲ, ಹಿಡಿದಿಡುತ್ತದೆ ಅಷ್ಟೇ. ರಕ್ತದಲ್ಲಿ ಮಾತ್ರೆಯ ಪ್ರಮಾಣ ಇಳಿದರೆ ಏಬಲ್ ಮತ್ತೆ ಕೆಲಸ ಶುರು ಮಾಡುತ್ತದೆ. "ಈಗ ಚೆನ್ನಾಗಿದ್ದೀನಲ್ಲ" ಎಂದು ಅವರು ನಡುನಡುವೆ ಬಿಡದಂತೆ ನೋಡಿಕೊಳ್ಳಿ. ಕೆಲವರಿಗೆ ವರ್ಷಗಳ ನಂತರ ಡಾಕ್ಟರೇ ನಿಗಾ ಇಟ್ಟು ಮಾತ್ರೆ ನಿಲ್ಲಿಸಿ ನೋಡುವುದುಂಟು, ಆ ನಿರ್ಧಾರ ಅವರದ್ದು. ಬಿಸಿಆರ್-ಎಬಿಎಲ್ ಪಿಸಿಆರ್ ಎಂಬ ರಕ್ತಪರೀಕ್ಷೆಯ ವರದಿಗಳನ್ನು ದಿನಾಂಕದ ಪ್ರಕಾರ ಒಂದು ಫೈಲ್‌ನಲ್ಲಿ ಜೋಡಿಸಿಡಿ. ಅಂಕಿ ಏರುತ್ತಾ ಹೋದರೆ, ಮ್ಯುಟೇಶನ್ ಪರೀಕ್ಷೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ. ವರದಿಯಲ್ಲಿ 315 ಎಂಬ ಸಂಖ್ಯೆ ಕಂಡರೆ, ಅದು ಯಾವ ಬಾಗಿಲು ಎಂದು ನಿಮಗೆ ಈಗ ಗೊತ್ತು.